ಹರಳೆಣ್ಣೆಯ ಭೇದಿ: ಕುಡಿಯುವ ಮೊದಲು, ಕುಡಿಯುವ ದಿನ, ಕುಡಿದ ಮೇಲೆ

ಹರಳೆಣ್ಣೆ ಕುಡಿದರೆ ಭೇದಿಯಾಗುತ್ತದೆ ಎಂಬುದನ್ನು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಭೇದಿಯಾಗಿ ಕರುಳು ಪೂರ್ತಿ ಖಾಲಿಯಾದ ಮೇಲೆ ಒಂದೆರಡು ದಿನ, ಕೆಲವರಿಗೆ ಮೂರು ದಿನವೂ, ಮಲ ಹೋಗದಿರುವುದು ಸಹಜವೆಂಬ ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ಹೋಗುವುದಕ್ಕೆ ಒಳಗೆ ಏನೂ ಉಳಿದಿಲ್ಲದೆ ಇರುವುದರಿಂದ ಹಾಗಾಗುತ್ತದೆ. ಅದನ್ನರಿಯದೆ, ‘ಮತ್ತೆ ಹೊಟ್ಟೆ ಕಟ್ಟಿತು’ ಎಂದುಕೊಂಡು ಮೂರನೆಯ ದಿನ ಇನ್ನೊಮ್ಮೆ ಕುಡಿಯುವವರಿದ್ದಾರೆ. ಆಮೇಲೆ ವಾರಕ್ಕೊಮ್ಮೆ ಕುಡಿಯುವುದು ರೂಢಿಯಾಗಿ, ಎಣ್ಣೆಯಿಲ್ಲದೆ ಕರುಳು ಚಲಿಸುವುದೇ ಇಲ್ಲವೆಂಬ ನಂಬಿಕೆ ಗಟ್ಟಿಯಾಗುತ್ತದೆ. ಅಪರೂಪಕ್ಕೆ ಒಂದು ದಿನ ಬಳಸುವ ಔಷಧವೆಂದು ತಿಳಿದರೆ ಹರಳೆಣ್ಣೆಯಿಂದ ಆರೋಗ್ಯವಂತ ವಯಸ್ಕರಿಗೆ ಹೆಚ್ಚಿನ ಅಪಾಯವಿಲ್ಲ. ಆ ಒಂದು ದಿನವನ್ನು ಹೇಗೆ ಆರಿಸಬೇಕು, ಹೇಗೆ ನಡೆಸಬೇಕು, ಯಾರು ಆ ಗೋಜಿಗೇ ಹೋಗಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಒಳಗೆ ಹೋದ ಎಣ್ಣೆ ಏನು ಮಾಡುತ್ತದೆ

ಹಳೇ ಮೈಸೂರಿನ ಕಡೆ ಹರಳೆಣ್ಣೆಯೆಂದೂ ಉತ್ತರ ಕರ್ನಾಟಕದಲ್ಲಿ ಔಡಲ ಎಣ್ಣೆಯೆಂದೂ ಆಯುರ್ವೇದದಲ್ಲಿ ಏರಂಡ ತೈಲವೆಂದೂ ಮೆಡಿಕಲ್ ಶಾಪಿನಲ್ಲಿ ಕ್ಯಾಸ್ಟರ್ ಆಯಿಲ್ ಎಂದೂ ಕರೆಯುವುದು ಒಂದನ್ನೇ. ಹರಳುಗಿಡದ ಎಲೆ ಬೆರಳು ಬಿಡಿಸಿದ ಅಂಗೈಯಂತಿರುವುದರಿಂದ ಆಯುರ್ವೇದದವರು ಅದಕ್ಕೆ ಗಂಧರ್ವಹಸ್ತವೆಂಬ ಚೆಂದದ ಹೆಸರನ್ನೂ ಇಟ್ಟಿದ್ದಾರೆ. ಎಣ್ಣೆ ಜಾರುವ ವಸ್ತುವಾದ್ದರಿಂದ ಮಲವೂ ಜಾರಿ ಹೋಗುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದ್ದರೂ ಕರುಳಿನಲ್ಲಿ ನಡೆಯುವ ಕೆಲಸ ಬೇರೆ. ಎಣ್ಣೆ ಸಣ್ಣ ಕರುಳಿಗೆ ಇಳಿದು, ಅಲ್ಲಿನ ಲೈಪೇಸ್ ಕಿಣ್ವದಿಂದ ಒಡೆದಾಗ, ಅದರಿಂದ ರಿಸಿನೋಲಿಕ್ ಆಮ್ಲ ಬಿಡುಗಡೆಯಾಗುತ್ತದೆ. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ಪಾಲು ಇದರದೇ. ಈ ಆಮ್ಲ ಕರುಳಿನ ಸ್ನಾಯುವಿನಲ್ಲಿರುವ ಇಪಿ3 ಎಂಬ ಗ್ರಾಹಕವನ್ನು, ಅಂದರೆ ಜೀವಕೋಶದಲ್ಲಿ ಸಂಕೇತ ಹಿಡಿಯುವ ಪ್ರೋಟೀನನ್ನು, ಕೆರಳಿಸಿ ಸ್ನಾಯುವನ್ನು ಬಲವಾಗಿ ಹಿಂಡುವಂತೆ ಮಾಡುತ್ತದೆಯೆಂದು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದರ ವಿಜ್ಞಾನಿಗಳು 2012ರಲ್ಲಿ ಇಲಿಗಳಲ್ಲಿ ತೋರಿಸಿದರು. ಆ ಗ್ರಾಹಕವಿಲ್ಲದ ಇಲಿಗಳ ಕರುಳಿನ ಮೇಲೆ ಎಣ್ಣೆ ತನ್ನ ಪರಿಣಾಮ ಬೀರಲಿಲ್ಲ. ಇದೇ ಗ್ರಾಹಕ ಗರ್ಭಕೋಶದ ಸ್ನಾಯುವಿನಲ್ಲೂ ಇದೆ ಎಂಬುದನ್ನು ಮರೆಯಬಾರದು. ಆ ಮಾತಿಗೆ ಮುಂದೆ ಬರುತ್ತೇನೆ.

ಹೀಗೆ ಕರುಳನ್ನು ಕೆರಳಿಸುವ ಜಾತಿಯ ವಿರೇಚಕ ಇದಾದ್ದರಿಂದ ಹೊಟ್ಟೆ ನುಲಿಯುವುದು, ಓಕರಿಕೆ ಬರುವುದು, ನೀರಾಗಿ ಭೇದಿಯಾಗುವುದು ಇವೆಲ್ಲ ಇದರ ಕೆಲಸದ ಭಾಗವೇ ಹೊರತು ಎಣ್ಣೆ ಕೆಟ್ಟಿತ್ತೆಂಬುದರ ಗುರುತಲ್ಲ. ಅಪಾಯವಿರುವುದು ಹಿಂಡಬಾರದ ಹೊಟ್ಟೆಯನ್ನು ಅದು ಹಿಂಡಿದಾಗ, ಮತ್ತು ಹೊರಹೋದ ನೀರು, ಲವಣಗಳನ್ನು ಮರಳಿ ತುಂಬದೆ ಬಿಟ್ಟಾಗ.

ಮೊದಲು ನೋಡಬೇಕಾದುದು ಯಾರ ಹೊಟ್ಟೆ ಎಂಬುದನ್ನು

‘ಹೊಟ್ಟೆನೋವಿಗೆ ಒಂದು ಸಲ ಭೇದಿಯಾದರೆ ಸರಿಹೋಗುತ್ತದೆ’ ಎಂಬ ಮಾತು ಹಳ್ಳಿಯಲ್ಲೂ ಪಟ್ಟಣದಲ್ಲೂ ಇಂದಿಗೂ ಕೇಳಿಬರುತ್ತದೆ. ಹರಳೆಣ್ಣೆಯ ವಿಷಯದಲ್ಲಿ ಇದಕ್ಕಿಂತ ಅಪಾಯಕರವಾದ ಮಾತು ಇನ್ನೊಂದಿಲ್ಲವೆಂದು ನನಗೆ ಅನ್ನಿಸುತ್ತದೆ. ಕಾರಣ ತಿಳಿಯದ ಹೊಟ್ಟೆನೋವಿಗೆ ಇದನ್ನು ಕೊಡಲೇಬಾರದು. ಹೊಕ್ಕುಳ ಸುತ್ತ ಶುರುವಾದ ನೋವು ಕೆಲವು ಗಂಟೆಗಳಲ್ಲಿ ಬಲಗಡೆಯ ಕಿಬ್ಬೊಟ್ಟೆಗೆ ಇಳಿದು, ಜೊತೆಗೆ ಜ್ವರವೋ ವಾಂತಿಯೋ ಇದ್ದರೆ ಅದು ಅಪೆಂಡಿಕ್ಸ್ ಬಾತುಕೊಂಡಿರುವ ಲಕ್ಷಣವಾಗಿರಬಹುದು. ಆ ಸ್ಥಿತಿಯಲ್ಲಿ ಕರುಳನ್ನು ಬಲವಂತವಾಗಿ ಹಿಂಡಿಸಿದರೆ ಅದು ಒಡೆದು ಕೀವು ಹೊಟ್ಟೆಯೊಳಗೆ ಹರಡುವ ಭಯವಿದೆ. ಹಾಗೆಯೇ ಹೊಟ್ಟೆ ಉಬ್ಬರಿಸಿ, ಮಲದ ಜೊತೆಗೆ ಹೂಸೂ ನಿಂತು, ತಿಂದದ್ದೆಲ್ಲ ವಾಂತಿಯಾಗುತ್ತಿದ್ದರೆ ಕರುಳಿನಲ್ಲೆಲ್ಲೋ ತಡೆಯಿದೆ ಎಂದೇ ಎಣಿಸಬೇಕು. ಮುಂದೆ ದಾರಿಯಿಲ್ಲದ ಕೊಳವೆಯನ್ನು ಹಿಂದಿನಿಂದ ಒತ್ತಿದರೆ ಏನಾಗುತ್ತದೆಯೋ ಅಲ್ಲಿಯೂ ಅದೇ ಆಗುತ್ತದೆ. ಇಂಥ ಎರಡೂ ಸಂದರ್ಭಗಳಲ್ಲಿ ಮನೆಮದ್ದಿನ ಯೋಚನೆ ಬಿಟ್ಟು, ಬಾಯಿಗೆ ಏನನ್ನೂ ಹಾಕದೆ, ಆಸ್ಪತ್ರೆಗೆ ಹೋಗಬೇಕು; ಗಾಡಿಯಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು.

ಕರುಳಿನ ಉರಿಯೂತದ ಕಾಯಿಲೆಯುಳ್ಳವರು, ಮಲದಲ್ಲಿ ರಕ್ತ ಕಾಣಿಸಿಕೊಂಡವರು, ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಇದನ್ನು ಮುಟ್ಟಬಾರದು. ಮೂತ್ರಪಿಂಡದ ಅಥವಾ ಹೃದಯದ ತೊಂದರೆ ಇರುವವರ ದೇಹದಲ್ಲಿ ನೀರು, ಪೊಟ್ಯಾಸಿಯಂಗಳ ಲೆಕ್ಕ ಮೊದಲೇ ಸೂಕ್ಷ್ಮವಾಗಿರುತ್ತದೆ. ಬಿ.ಪಿ.ಗೆ ಅಥವಾ ಕಾಲೂತಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿರುವವರಿಗೆ ಭೇದಿಯೂ ಸೇರಿಕೊಂಡರೆ ಪೊಟ್ಯಾಸಿಯಂ ಎರಡು ಕಡೆಯಿಂದ ಸೋರುತ್ತದೆ. ಡೈಜಾಕ್ಸಿನ್ ತೆಗೆದುಕೊಳ್ಳುವ ಹೃದ್ರೋಗಿಗಳಲ್ಲಿ ಪೊಟ್ಯಾಸಿಯಂ ಇಳಿದರೆ ಆ ಮಾತ್ರೆಯೇ ವಿಷದಂತೆ ವರ್ತಿಸಿ ಎದೆಬಡಿತದ ಲಯ ಕೆಡಿಸಬಲ್ಲದು. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡು, ಎಣ್ಣೆ ಕುಡಿದ ಕಾರಣಕ್ಕೆ ಬೆಳಗಿನ ತಿಂಡಿ ಬಿಟ್ಟವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇವರೆಲ್ಲ ವೈದ್ಯರನ್ನು ಕೇಳದೆ ಹರಳೆಣ್ಣೆ ಕುಡಿಯಕೂಡದು. ತುಂಬ ವಯಸ್ಸಾದವರ ಮಾತೂ ಇದೇ: ಮೂರು ನಾಲ್ಕು ಸಲ ನೀರಾಗಿ ಹೋದರೆ ಸಾಕು, ಎದ್ದು ನಿಂತಾಗ ತಲೆ ತಿರುಗಿ ಬಚ್ಚಲಲ್ಲಿ ಬೀಳುತ್ತಾರೆ, ಸೊಂಟ ಮುರಿಯುತ್ತದೆ, ಮಲಬದ್ಧತೆಗೆಂದು ಆರಂಭವಾದದ್ದು ಬೇರೆಲ್ಲಿಗೋ ಹೋಗಿ ಮುಟ್ಟುತ್ತದೆ.

ಬಸುರಿಯರಿಗೆ ಯಾವ ತಿಂಗಳಲ್ಲೂ ಬೇಡ. ದಿನ ತುಂಬಿಯೂ ನೋವು ಬಾರದಿದ್ದಾಗ ಹರಳೆಣ್ಣೆ ಕುಡಿಸಿ ಹೆರಿಗೆ ನೋವು ತರಿಸುವ ಪದ್ಧತಿ ನಮ್ಮಲ್ಲಿಯೂ ಹೊರದೇಶಗಳಲ್ಲಿಯೂ ಹಿಂದಿನಿಂದ ಇದ್ದದ್ದೇ, ಮತ್ತು ಗರ್ಭಕೋಶದಲ್ಲಿಯೂ ಅದೇ ಗ್ರಾಹಕವಿರುವುದರಿಂದ ಆ ಪದ್ಧತಿಯ ಹಿಂದೆ ಒಂದು ಕಾರಣವೂ ಇದೆ. ಆದರೆ ಬಂದ ನೋವು ಎಷ್ಟು ಬಲವಾಗಿರಬೇಕೆಂಬುದು ಎಣ್ಣೆ ಕುಡಿಸಿದವರ ಕೈಯಲ್ಲಿರುವುದಿಲ್ಲ. ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದವರ ಗರ್ಭಕೋಶದ ಹೊಲಿಗೆಯ ಮೇಲೆ ಇಂಥ ಹಿಂಡುವಿಕೆ ಬಿದ್ದರೆ ತಾಯಿ ಮಗು ಇಬ್ಬರ ಜೀವಕ್ಕೂ ಸಂಚಕಾರ. ಬಾಣಂತಿಯರೂ ಎದೆಹಾಲು ಕುಡಿಸುವ ಕಾಲದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು.

ಮಕ್ಕಳಿಗೆ ಕುಡಿಸುವ ವಿಚಾರ

ಬೇಸಿಗೆ ರಜೆ ಬಂದರೆ ಒಂದು ಬೆಳಗ್ಗೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಮೂಗು ಹಿಡಿದು, ಬಿಸಿ ಕಾಫಿಯಲ್ಲಿ ಹರಳೆಣ್ಣೆ ಕುಡಿಸುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ಆ ವಾಸನೆ ಇನ್ನೂ ನೆನಪಿರಬಹುದು, ನನಗಂತೂ ಇದೆ. ‘ವರ್ಷಕ್ಕೊಮ್ಮೆ ಹೊಟ್ಟೆ ತೊಳೆಯಬೇಕು’ ಎಂಬುದು ಅಂದಿನ ಹಿರಿಯರ ವಾದವಾಗಿತ್ತು. ಆರೋಗ್ಯವಾಗಿರುವ ಕರುಳಿನಲ್ಲಿ ತೊಳೆದು ಹಾಕಬೇಕಾದ ಕಲ್ಮಷವೇನೂ ಸಂಗ್ರಹವಾಗಿರುವುದಿಲ್ಲ. ಜಂತುಹುಳದ ಕಾರಣ ಹೇಳುವವರಿಗೆ ಇಂದು ಆ ನೆಪವೂ ಉಳಿದಿಲ್ಲ, ಏಕೆಂದರೆ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಗೆ ಹಿಂದೆಯಾಗಲಿ ಮುಂದೆಯಾಗಲಿ ಭೇದಿ ಮಾಡಿಸಬೇಕಾಗಿಲ್ಲ. ಮಗುವಿಗೆ ಮಲಬದ್ಧತೆ ನಿಜವಾಗಿಯೂ ಇದ್ದರೆ ವೈದ್ಯರು ಬರೆದುಕೊಡುವ ಲ್ಯಾಕ್ಟುಲೋಸ್‌ನಂಥ ಸಿರಪ್ಪು ಇದಕ್ಕಿಂತ ಮೃದುವಾಗಿ ಕೆಲಸ ಮಾಡುತ್ತದೆ.

ಕೈಗೂಸುಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿ ಹೇಳಬೇಕು. ಒಳಲೆಯಲ್ಲಿ ಹಾಕಿ ಗಂಟಲಿಗೆ ಬಿಡುವುದು, ಸ್ನಾನವಾದ ಮೇಲೆ ಮೂಗಿನಲ್ಲಿ ಎರಡು ಹನಿ ಬಿಡುವುದು, ಅಳುತ್ತಿರುವ ಮಗುವಿನ ಬಾಯಿ ಅಗಲಿಸಿ ಸುರಿಯುವುದು ಕೆಲವು ಮನೆಗಳಲ್ಲಿ ಇನ್ನೂ ನಿಂತಿಲ್ಲ. ಎಣ್ಣೆ ನೀರಿನಂತಲ್ಲ, ಅದು ಶ್ವಾಸನಾಳಕ್ಕೆ ಜಾರಿದರೂ ಮಗುವಿಗೆ ತಕ್ಷಣ ಕೆಮ್ಮು ಬಾರದೆ ಇರಬಹುದು, ಸದ್ದಿಲ್ಲದೆ ಶ್ವಾಸಕೋಶ ಸೇರಿ ಅಲ್ಲಿ ನ್ಯುಮೋನಿಯಾ ಉಂಟುಮಾಡುತ್ತದೆ. ಇಂಥ ನ್ಯುಮೋನಿಯಾ ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಬಗ್ಗುವುದಲ್ಲ. ನೆತ್ತಿಗೆ ತಟ್ಟುವ, ಮೈಗೆ ತಿಕ್ಕುವ ಎಣ್ಣೆಯ ಬಗ್ಗೆ ನನ್ನ ತಕರಾರಿಲ್ಲ. ಬಾಯಿಗೂ ಮೂಗಿಗೂ ಮಾತ್ರ ಬೇಡವೆಂದು ಮನೆಯ ಅಜ್ಜಿಗೆ ಗೌರವದಿಂದಲೇ ತಿಳಿಸಿಹೇಳಬೇಕು.

ಯಾವ ಎಣ್ಣೆ, ಎಷ್ಟು ಎಣ್ಣೆ

ಅಂಗಡಿಯಲ್ಲಿ ಹರಳೆಣ್ಣೆಯೆಂದು ಸಿಗುವುದೆಲ್ಲ ಕುಡಿಯುವ ಎಣ್ಣೆಯಲ್ಲ. ದೀಪಕ್ಕೆಂದು ಮಾರುವ ಎಣ್ಣೆ ಶುದ್ಧೀಕರಿಸಿದ್ದಾಗಿರುವುದಿಲ್ಲ, ಬೇರೆ ಎಣ್ಣೆಯೂ ಬೆರೆತಿರಬಹುದು. ಕೂದಲಿಗೆಂದು ಬರುವ ಚೆಂದದ ಸೀಸೆಯಲ್ಲಿ ಸುಗಂಧವೂ ಇತರ ದ್ರವ್ಯಗಳೂ ಸೇರಿರುತ್ತವೆ. ಚೀಟಿಯ ಮೇಲೆ ‘ಹೊರಬಳಕೆಗೆ ಮಾತ್ರ’ ಎಂದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಕುಡಿಯುವುದಕ್ಕೆ ಮೆಡಿಕಲ್ ಶಾಪಿನಲ್ಲಿ, ಹೆಸರಿನ ಮುಂದೆ ಐ.ಪಿ. ಎಂದು, ಅಂದರೆ ಭಾರತೀಯ ಔಷಧಕೋಶದ ಗುಣಮಟ್ಟಕ್ಕೆ ಒಳಪಟ್ಟಿದೆಯೆಂದು, ಅಚ್ಚಾಗಿರುವ ಸೀಸೆಯನ್ನೇ ಕೇಳಿ ತೆಗೆದುಕೊಳ್ಳಬೇಕು. ಗ್ರಂಥಿಗೆ ಅಂಗಡಿಯಲ್ಲಿ ಸಡಿಲವಾಗಿ ಅಳೆದು ಕೊಡುವ ಎಣ್ಣೆಯ ದಿನಾಂಕವಾಗಲಿ ಮೂಲವಾಗಲಿ ನಮಗೆ ತಿಳಿಯುವುದಿಲ್ಲ.

ಹಳ್ಳಿಮನೆಗಳಲ್ಲಿ ಹರಳುಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಚೆನ್ನಾಗಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆದು ಮತ್ತೆ ಕಾಯಿಸಿ ನೀರಿನಂಶ ಇಂಗಿಸುವ ಕ್ರಮವಿತ್ತು. ಈ ಕ್ರಮ ಕಂಡುಕೊಂಡವರಿಗೆ ರಿಸಿನ್ ಎಂಬ ಹೆಸರು ತಿಳಿದಿರಲಿಲ್ಲ, ಆದರೂ ಅವರು ಮಾಡಿದ್ದು ಸರಿಯಾಗಿಯೇ ಇತ್ತು: ಬೀಜದಲ್ಲಿರುವ ರಿಸಿನ್ ಒಂದು ವಿಷಕಾರಿ ಪ್ರೋಟೀನ್, ಅದು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ, ಮತ್ತು ಕಾವಿಗೆ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಶುದ್ಧೀಕರಿಸಿದ ಹರಳೆಣ್ಣೆಯಲ್ಲಿ ಆ ವಿಷವಿರುವುದಿಲ್ಲ. ಇಷ್ಟಾದರೂ ಬೀಜ ಅರೆದು ಹಸಿಯಾಗಿ ಹಿಂಡಿದ ಎಣ್ಣೆಯನ್ನು ಮನೆಯಲ್ಲಿ ಮಾಡಿ ಕುಡಿಯುವ ಸಾಹಸ ಬೇಡ.

ವಯಸ್ಕರಿಗೆ ಒಂದು ಸಲಕ್ಕೆ 15ರಿಂದ 60 ಮಿಲಿಲೀಟರ್ ಎಂದು ಔಷಧದ ಚೀಟಿಗಳಲ್ಲಿ ಬರೆದಿರುತ್ತದೆ. ಮೊದಲ ಸಲ ಕುಡಿಯುವವರು 15ಕ್ಕೆ ನಿಲ್ಲುವುದು ವಿವೇಕ, ಏಕೆಂದರೆ ಒಬ್ಬರಿಗೆ ಎರಡು ಬಾರಿ ಹೋಗಿಸುವಷ್ಟು ಎಣ್ಣೆ ಇನ್ನೊಬ್ಬರನ್ನು ಹತ್ತು ಬಾರಿ ಓಡಿಸಬಹುದು. ‘ಒಂದು ಚಮಚ’ ಎಂಬ ಅಳತೆಯನ್ನು ನಂಬಬೇಡಿ; ನಮ್ಮ ಅಡುಗೆಮನೆಯ ಸ್ಟೀಲ್ ಚಮಚಗಳು ಒಂದೊಂದೂ ಒಂದೊಂದು ಗಾತ್ರದವು. ಕೆಮ್ಮಿನ ಸಿರಪ್ಪಿನ ಜೊತೆ ಬರುವ, ಗೆರೆ ಹಾಕಿದ ಪ್ಲಾಸ್ಟಿಕ್ ಮುಚ್ಚಳವನ್ನು ತೊಳೆದು ಒರೆಸಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ಅಳತೆಪಾತ್ರೆ ಬೇಕಿಲ್ಲ. ಪ್ರಮಾಣ ಮೀರಿದರೆ ಇದೇ ಎಣ್ಣೆ ಹಿಂಸೆಯ ಆಯುಧವೂ ಆಗಬಲ್ಲದು ಎಂಬುದಕ್ಕೆ 1920ರ ದಶಕದ ಇಟಲಿ ಸಾಕ್ಷಿ: ಮುಸೊಲಿನಿಯ ಕರಿಯಂಗಿ ಪಡೆಯವರು ವಿರೋಧಿಗಳನ್ನು ಹಿಡಿದು ಕಟ್ಟಿ ಬಲವಂತವಾಗಿ ಹರಳೆಣ್ಣೆ ಕುಡಿಸುತ್ತಿದ್ದರು.

ಕುಡಿಯುವ ದಿನ

ಮಾರನೆಯ ದಿನವೂ ಮನೆಯಲ್ಲೇ ಇರುವಂಥ ರಜೆಯ ದಿನವನ್ನು ಆರಿಸಿಕೊಂಡು, ಬೆಳಗ್ಗೆ ಆರು ಗಂಟೆಯ ಹೊತ್ತಿಗೆ ಬರಿಹೊಟ್ಟೆಯಲ್ಲಿ ಕುಡಿಯುವುದು ಸರಿಯಾದ ಕ್ರಮ. ಎಣ್ಣೆಯ ಕೆಲಸ ಎರಡರಿಂದ ಆರು ಗಂಟೆಯೊಳಗೆ ಶುರುವಾಗುತ್ತದೆ. ರಾತ್ರಿ ಮಲಗುವಾಗ ಕುಡಿದರೆ ನಡುರಾತ್ರಿಯ ಕತ್ತಲಲ್ಲಿ ಓಡಾಡಬೇಕಾದೀತು, ಬೆಳಗಿನ ಬಸ್ಸು ಹಿಡಿಯುವ ಮೊದಲು ಕುಡಿದವರ ಪಾಡನ್ನು ಬಿಡಿಸಿ ಹೇಳುವುದು ಬೇಡ. ಗಟ್ಟಿಯಾದ ಎಣ್ಣೆ ನಾಲಗೆಗೆ ಅಂಟುತ್ತದೆ, ವಾಸನೆ ಓಕರಿಕೆ ತರಿಸುತ್ತದೆ. ಬೆಚ್ಚಗಿನ ಶುಂಠಿ ಕಷಾಯದಲ್ಲಿಯೋ ಕಿತ್ತಳೆ ರಸದಲ್ಲಿಯೋ ಎಣ್ಣೆಯನ್ನು ಚೆನ್ನಾಗಿ ಕದಡಿ, ಅದು ಮೇಲೆ ಬಂದು ನಿಲ್ಲುವ ಮೊದಲೇ ನೇರವಾಗಿ ಕೂತು ಕುಡಿದು, ಮೇಲೊಂದು ಲೋಟ ಬಿಸಿನೀರು ಕುಡಿದು, ನಿಂಬೆಹಣ್ಣಿನ ಹೋಳೊಂದನ್ನು ಚೀಪಿದರೆ ಬಾಯಿಯ ಜಿಡ್ಡು ಹೋಗುತ್ತದೆ. ಹಾಸಿಗೆ ಹಿಡಿದವರಿಗೆ, ನುಂಗಲು ಕಷ್ಟಪಡುವವರಿಗೆ ಮಲಗಿಸಿ ಕುಡಿಸಲೇಬಾರದು; ಕೂಸುಗಳ ವಿಷಯದಲ್ಲಿ ಹೇಳಿದ ನ್ಯುಮೋನಿಯಾ ಅವರಿಗೂ ಬರುತ್ತದೆ.

ಆರು ಗಂಟೆ ಕಳೆದರೂ ಹೊಟ್ಟೆ ಕದಲಲಿಲ್ಲವೆಂದು ಅದೇ ದಿನ ಎರಡನೆಯ ಬಾರಿ ಕುಡಿಯಕೂಡದು. ಮೊದಲನೆಯದು ತಡವಾಗಿ ಶುರುವಾಗಿ ಎರಡೂ ಒಟ್ಟಿಗೆ ಸೇರಿಕೊಂಡರೆ ತಡೆಯುವವರಿಲ್ಲ. ಬೆಳಗ್ಗೆ ನುಂಗುವ ಬೇರೆ ಮಾತ್ರೆಗಳು ಮೈಗೆ ಹತ್ತುವ ಮೊದಲೇ ಭೇದಿಯಲ್ಲಿ ಹೊರಹೋಗಬಹುದು. ಅವುಗಳ ಹೊತ್ತನ್ನು ಹೇಗೆ ಬದಲಿಸಬೇಕೆಂದು ವೈದ್ಯರನ್ನು ಹಿಂದಿನ ದಿನವೇ ಕೇಳಿಕೊಳ್ಳಬೇಕು. ಅಂದು ನುಂಗಿದ ಗರ್ಭನಿರೋಧಕ ಗುಳಿಗೆಯನ್ನಂತೂ ನೆಚ್ಚಿಕೊಳ್ಳುವಂತಿಲ್ಲ.

ಭೇದಿ ಶುರುವಾದ ಮೇಲೆ ಮುಖ್ಯವಾದ ಕೆಲಸವೊಂದೇ, ಹೋದ ನೀರನ್ನೂ ಉಪ್ಪನ್ನೂ ಮರಳಿ ತುಂಬುವುದು. ಬರಿಯ ನೀರಿಗಿಂತ ಓ.ಆರ್.ಎಸ್. ಮೇಲು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿಟ್ಟುಕೊಂಡು, ಒಂದೊಂದು ಬಾರಿ ಹೋಗಿಬಂದಾಗಲೂ ಒಂದು ಲೋಟದಷ್ಟನ್ನು ನಿಧಾನವಾಗಿ ಕುಡಿಯಬೇಕು. ಉಪ್ಪಿನ ಅಳತೆ ಇಲ್ಲಿ ಹೆಚ್ಚಾಗಬಾರದು. ಮಧ್ಯಾಹ್ನ ಗಂಜಿ, ಸಂಜೆಗೆ ತಿಳಿಸಾರಿನ ಮೆತ್ತನೆಯ ಅನ್ನ, ಮಜ್ಜಿಗೆ, ಎಳನೀರು ಸಾಕು. ಮೂತ್ರಪಿಂಡದ ತೊಂದರೆಯವರಿಗೆ ಎಳನೀರಿನ ಪೊಟ್ಯಾಸಿಯಂ ಆಗದು, ಆದರೆ ಅವರು ಈ ಎಣ್ಣೆಯನ್ನೇ ಕುಡಿದಿರಬಾರದು. ಸಂಜೆಯಾದರೂ ಭೇದಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ನಾಲಗೆ ಒಣಗಿ ಮೂತ್ರ ಕಡಿಮೆಯಾದರೆ, ಕಾಲಿನ ಮೀನಖಂಡ ಹಿಡಿದುಕೊಂಡರೆ, ಎದ್ದಾಗ ಕಣ್ಣುಕತ್ತಲೆ ಬಂದರೆ ಅಥವಾ ಹೊಟ್ಟೆನೋವು ಬಿಟ್ಟು ಬಿಟ್ಟು ಬರುವ ಬದಲು ಒಂದೇ ಸಮನೆ ಹಿಡಿದು ನಿಂತರೆ ವೈದ್ಯರ ಬಳಿಗೆ ಹೋಗಬೇಕು.

ಆಮೇಲಿನ ದಿನಗಳು

ಮರುದಿನ, ಅದರ ಮರುದಿನ ಮಲ ಹೋಗದಿದ್ದರೆ ಗಾಬರಿಯಾಗಬಾರದು ಎಂದು ಮೊದಲೇ ಹೇಳಿದ್ದೇನೆ. ಆ ಎರಡು ಮೂರು ದಿನಗಳನ್ನು ಮಲಬದ್ಧತೆಯ ಮೂಲ ಹುಡುಕಲು ಬಳಸಿದರೆ ಮುಂದೆ ಎಣ್ಣೆಯ ಸೀಸೆಯನ್ನು ತೆರೆಯಬೇಕಾಗಿ ಬರುವುದೇ ಅಪರೂಪವಾದೀತು. ನೀರು ಕಡಿಮೆ ಕುಡಿಯುವುದು, ಸೊಪ್ಪು ತರಕಾರಿಯಿಲ್ಲದ ಊಟ, ಕೂತಲ್ಲೇ ಕೂರುವ ಕೆಲಸ, ಮಲಕ್ಕೆ ಹೋಗಬೇಕೆನಿಸಿದಾಗ ತಡೆದುಕೊಳ್ಳುವ ಅಭ್ಯಾಸ ಇವು ಎಲ್ಲರಿಗೂ ಗೊತ್ತಿರುವ ಕಾರಣಗಳು. ಕಬ್ಬಿಣದ ಮಾತ್ರೆ, ಕೆಲವು ನೋವಿನ ಮಾತ್ರೆಗಳು, ಕೆಲವು ಬಿ.ಪಿ. ಮಾತ್ರೆಗಳು, ಥೈರಾಯ್ಡ್ ಕೊರತೆ ಇವು ಸುಲಭವಾಗಿ ಕಣ್ಣುತಪ್ಪುವ ಕಾರಣಗಳು. ಐವತ್ತು ದಾಟಿದವರಲ್ಲಿ ಹೊಸದಾಗಿ ಮಲಬದ್ಧತೆ ಕಾಣಿಸಿಕೊಂಡು, ಜೊತೆಗೆ ತೂಕ ಇಳಿಯುತ್ತಿದ್ದರೆ ಎಣ್ಣೆ ಕುಡಿದು ದಿನ ತಳ್ಳುವುದು ದೊಡ್ಡ ತಪ್ಪು. ದೊಡ್ಡ ಕರುಳಿನಲ್ಲಿ ಗಡ್ಡೆ ಇದೆಯೇ ಎಂದು ಪರೀಕ್ಷಿಸಲೇಬೇಕು.

ದಿನನಿತ್ಯದ ತೊಂದರೆಗೆ ರಾತ್ರಿ ಊಟದ ನಂತರ ಒಂದು ದೊಡ್ಡ ಲೋಟ ನೀರಿನಲ್ಲಿ ಇಸಬಗೋಲು, ನೆನೆಸಿದ ಒಣದ್ರಾಕ್ಷಿ ಅಥವಾ ಅಂಜೂರ, ವೈದ್ಯರು ಹೇಳಿದರೆ ಲ್ಯಾಕ್ಟುಲೋಸ್ ಇವು ಹರಳೆಣ್ಣೆಗಿಂತ ಉತ್ತಮ. ಇಸಬಗೋಲನ್ನು ನೀರು ಸಾಲದೆ ನುಂಗಿದರೆ ಅದೇ ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು. ಹರಳೆಣ್ಣೆಯನ್ನು ವಾರಗಟ್ಟಲೆ ಮುಂದುವರಿಸಿದರೆ ಪೊಟ್ಯಾಸಿಯಂ ಇಳಿಯುವುದಲ್ಲದೆ ಆಹಾರದ ಸತ್ವವೂ, ವಿಶೇಷವಾಗಿ ಕೊಬ್ಬಿನಲ್ಲಿ ಕರಗುವ ಜೀವಸತ್ವಗಳು, ಮೈಗೂಡದೆ ಹೋಗುತ್ತವೆ. ಹುಳ ಬೀಳದಿರಲೆಂದು ತೊಗರಿಬೇಳೆಗೆ ಸವರಿಟ್ಟ ಹರಳೆಣ್ಣೆಯ ಬಗ್ಗೆ ಈ ಭಯ ಬೇಡ. ಅದು ಸವರಿದ ಲೆಕ್ಕದ್ದು, ತೊಳೆದಾಗ ಬಹುಪಾಲು ಹೋಗುತ್ತದೆ.

ಬೀಜ, ಹಿಂಡಿ, ಉಳಿದ ಎಣ್ಣೆ

ಎಣ್ಣೆಯಲ್ಲಿ ಇಲ್ಲದ ವಿಷ ಬೀಜದಲ್ಲಿಯೂ ಎಣ್ಣೆ ತೆಗೆದ ಹಿಂಡಿಯಲ್ಲಿಯೂ ಉಳಿದಿರುತ್ತದೆ. ರಾಗಿ, ಕಡಲೆಕಾಯಿ ಹೊಲದ ಅಂಚಿನಲ್ಲಿ ಹರಳು ಹಾಕುವ ಮನೆಗಳಲ್ಲಿ ಮಚ್ಚೆಮಚ್ಚೆಯ ಹೊಳಪಿನ ಬೀಜಗಳು ಮಕ್ಕಳಿಗೆ ಆಟದ ಸಾಮಾನಿನಂತೆ ಕಾಣುತ್ತವೆ. ಅಗಿದು ನುಂಗಿದ ಕೆಲವೇ ಬೀಜಗಳು ಮಗುವಿನ ಪ್ರಾಣಕ್ಕೆ ಎರವಾಗಬಹುದು. ವಾಂತಿ, ರಕ್ತಭೇದಿ ಶುರುವಾಗಲು ಕೆಲವು ಗಂಟೆ ಹಿಡಿಯುವುದರಿಂದ ಲಕ್ಷಣ ಕಾಣುವವರೆಗೆ ಕಾಯದೆ ಉಳಿದ ಬೀಜದ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ವಿಷಕ್ಕೆ ಪ್ರತಿವಿಷವಿಲ್ಲ. ಕುಂಡಗಳಿಗೆ ಗೊಬ್ಬರವಾಗಿ ತರುವ ಹರಳಿನ ಹಿಂಡಿಯನ್ನು ದನಕರು, ನಾಯಿಗಳ ಬಾಯಿಗೆ ಸಿಗದ ಹಾಗೆ ಮಣ್ಣಿನಲ್ಲಿ ಬೆರೆಸಿ ಮುಚ್ಚಬೇಕು.

ಕುಡಿದು ಉಳಿದ ಎಣ್ಣೆಯ ಸೀಸೆಯನ್ನು ಬಿಸಿಲು ಬೀಳದ ಕಡೆ, ಅಡುಗೆ ಎಣ್ಣೆಯ ಸಾಲಿನಿಂದ ದೂರ, ಮಕ್ಕಳ ಕೈಗೆಟುಕದ ಎತ್ತರದಲ್ಲಿ, ತೆರೆದ ದಿನಾಂಕ ಬರೆದು ಇಡಬೇಕು. ಮೂಸಿದರೆ ಕಮಟು ವಾಸನೆ ಬರುತ್ತಿದ್ದರೆ, ಇಲ್ಲವೇ ಚೀಟಿಯ ಅವಧಿ ಮುಗಿದಿದ್ದರೆ, ಅದನ್ನು ಬಾಯಿಗೆ ಹಾಕಬಾರದು. ಒಡೆದ ಹಿಮ್ಮಡಿಗೂ ಕಿರುಗುಟ್ಟುವ ಬಾಗಿಲ ತಿರುಗಣಿಗೂ ಆ ಎಣ್ಣೆ ಧಾರಾಳವಾಗಿ ಆಗುತ್ತದೆ.